ಮಣ್ಣಿನ ಕವಣೆಗುಂಡು: ಸುಡಬೇಕೆ, ಒಣಗಿಸಿದರೆ ಸಾಕೆ?

ಪ್ರಶ್ನೆ: ನಾನು ಗದಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಶಿಕ್ಷಕ. ನಮ್ಮ ಇತಿಹಾಸ ಸಂಘದ ಮಕ್ಕಳು ಪ್ರಾಗೈತಿಹಾಸಿಕ ಕಾಲದ ಮಣ್ಣಿನ ಕವಣೆಗುಂಡುಗಳ ಪ್ರತಿಕೃತಿಗಳನ್ನು ಮಾಡಿ ವಸ್ತುಪ್ರದರ್ಶನದಲ್ಲಿ ಇಡಬೇಕೆಂದಿದ್ದಾರೆ. ಹೊಲದ ಎರೆಮಣ್ಣಿನಿಂದ ಮಾಡಿದ ಗುಂಡುಗಳು ಒಣಗುವಾಗಲೇ ಬಿರುಕು ಬಿಟ್ಟವು. ಉಳಿದ ಕೆಲವನ್ನು ಒಲೆಗೆ ಹಾಕಿದಾಗ ಸಿಡಿದು ಚೂರಾದವು. ಇವನ್ನು ಸುಡಲೇಬೇಕೆ? ಅಳತೆ, ತೂಕ ಎಷ್ಟಿರಬೇಕು? ಇವು ನಿಜವಾಗಿಯೂ ಯುದ್ಧದ ಆಯುಧಗಳೇ? ನಮ್ಮ ನಾಡಿನಲ್ಲಿಯೂ ಇಂಥವು ಸಿಕ್ಕಿವೆಯೇ?

ಉತ್ತರ: ಮಾನ್ಯ ಶಿಕ್ಷಕರೇ, ಮೊದಲಿಗೆ ನಿಮ್ಮ ಮಕ್ಕಳಿಗೆ ಧೈರ್ಯ ಹೇಳಿ. ಇವನ್ನು ಸುಡಲೇಬೇಕೆಂಬ ನಿಯಮವಿಲ್ಲ. ಪಶ್ಚಿಮ ಏಷ್ಯಾದ ನವಶಿಲಾಯುಗದ ಹಳ್ಳಿಗಳಲ್ಲಿ ಕವಣೆಗುಂಡುಗಳನ್ನು ಸಾಮಾನ್ಯವಾಗಿ ಬಿಸಿಲಿನಲ್ಲಿ ಒಣಗಿಸಿಯೇ ಬಳಸುತ್ತಿದ್ದರು. ನಿಮ್ಮ ಗುಂಡುಗಳು ಬಿರುಕು ಬಿಡಲು ಕಾರಣ ಮಕ್ಕಳ ಕೈಚಳಕದ ಕೊರತೆಯಲ್ಲ, ಎರೆಮಣ್ಣಿನ ಗುಣ. ಅದಕ್ಕೆ ಪರಿಹಾರವೂ ಸುಲಭ. ಆದರೆ ಪ್ರತಿಕೃತಿ ಮಾಡುವವರು ಸಾಮಾನ್ಯವಾಗಿ ಆಕಾರ ಮತ್ತು ಬಣ್ಣದ ಮೇಲೆ ಗಮನವಿಟ್ಟು ತೂಕವನ್ನು ಕಡೆಗಣಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮಣ್ಣಿನ ಕವಣೆಗುಂಡಿನ ಜೀವಾಳವಿರುವುದು ಅದು ತನ್ನ ಜೊತೆಯ ಇತರ ಗುಂಡುಗಳಿಗೆ ಎಷ್ಟು ಸಮನಾಗಿದೆ ಎಂಬುದರಲ್ಲಿ. ನೋಡಲು ಒಂದೇ ಒಂದು ಗುಂಡು ಎಷ್ಟೇ ಅಂದವಾಗಿದ್ದರೂ ಅದು ಹೆಚ್ಚೇನನ್ನೂ ಹೇಳುವುದಿಲ್ಲ. ಒಂದೇ ತೂಕದ ಇಪ್ಪತ್ತು ಗುಂಡುಗಳ ರಾಶಿಯು ಅದನ್ನು ಮಾಡಿದವರ ಉದ್ದೇಶವನ್ನು ತಾನೇ ಹೇಳುತ್ತದೆ.

ಇಲ್ಲಿ ಕವಣೆ ಎಂದರೆ ಕವಲುಕೊಂಬೆಗೆ ರಬ್ಬರು ಕಟ್ಟಿದ ಕ್ಯಾಟರ್‌ಬಿಲ್ಲು ಅಲ್ಲ. ಎರಡು ಹಗ್ಗಗಳ ನಡುವೆ ಅಗಲವಾಗಿ ಹೆಣೆದ ಭಾಗದಲ್ಲಿ ಕಲ್ಲನ್ನಿಟ್ಟು, ಬೀಸಿ, ಒಂದು ಹಗ್ಗದ ತುದಿಯನ್ನು ಬಿಟ್ಟುಬಿಡುವ ಹಳೆಯ ಸಾಧನ. ಉಣ್ಣೆ, ನಾರು, ತೊಗಲುಗಳಿಂದ ಮಾಡಿದ ಈ ಸಾಧನ ಮಣ್ಣಿನಲ್ಲಿ ಕೊಳೆತುಹೋಗುವುದರಿಂದ ಪ್ರಾಗೈತಿಹಾಸಿಕ ಕವಣೆಗಳು ಸಿಗುವುದು ತೀರ ಅಪರೂಪ. ಈಜಿಪ್ಟಿನ ತೂತಂಖಾಮುನ್ ಸಮಾಧಿಯಲ್ಲಿ ಹೆಣೆದ ಕವಣೆಗಳು ಉಳಿದುಬಂದಿವೆಯಾದರೂ ಅವು ಕ್ರಿಸ್ತಪೂರ್ವ 14ನೆಯ ಶತಮಾನದವು. ಮಣ್ಣಿನ ಗುಂಡುಗಳು ಅವುಗಳಿಗಿಂತ ಹಲವು ಸಾವಿರ ವರ್ಷ ಹಿಂದಿನವು. ಆದ್ದರಿಂದ ಕವಣೆಯ ಆರಂಭದ ಇತಿಹಾಸವನ್ನು ನಾವು ಓದಬೇಕಾಗಿರುವುದು ಅದು ಎಸೆದ ಗುಂಡುಗಳ ಮೂಲಕವೇ. 1951ರಲ್ಲಿ ಪುರಾತತ್ವಜ್ಞ ಗಾರ್ಡನ್ ಚೈಲ್ಡ್ ಅವರು ಗ್ರೀಸಿನ ಪ್ರಾಗೈತಿಹಾಸದಲ್ಲಿ ಕವಣೆಯ ಮಹತ್ವವನ್ನು ಕುರಿತು ಬರೆದದ್ದೂ, 1970ರ ದಶಕದ ಆರಂಭದಲ್ಲಿ ಮಾನ್‌ಫ್ರೆಡ್ ಕೋರ್ಫ್‌ಮನ್ ಅವರು ನೈಋತ್ಯ ಏಷ್ಯಾದ ಬಿಲ್ಲು ಮತ್ತು ಕವಣೆಗಳ ಹರಹನ್ನು ಪರಿಶೀಲಿಸಿದ್ದೂ ಮುಖ್ಯವಾಗಿ ಇಂಥ ಗುಂಡುಗಳನ್ನು ಆಧರಿಸಿಯೇ.

ಕಲ್ಲು ಇರುವಾಗ ಮಣ್ಣೇಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಅದಕ್ಕೆ ಮೊದಲ ಉತ್ತರ ಭೂಗೋಳದಲ್ಲಿದೆ. ಮೆಸೊಪೊಟೇಮಿಯದ ಮೆಕ್ಕಲು ಬಯಲಿನಲ್ಲಿ ಹುಡುಕಿದರೂ ಕಲ್ಲು ಸಿಗದ ಪ್ರದೇಶಗಳಿವೆ. ಮಣ್ಣು ಮಾತ್ರ ಹೇರಳ. ಇಂಗ್ಲೆಂಡಿನ ಕಬ್ಬಿಣಯುಗದ ಎರಡು ನೆಲೆಗಳು ಇದೇ ಮಾತನ್ನು ಇನ್ನಷ್ಟು ಸ್ಪಷ್ಟಪಡಿಸುತ್ತವೆ. ಡಾರ್ಸೆಟ್‌ನ ಮೇಡನ್ ಕಾಸಲ್ ಕೋಟೆಯಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅವರಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕವಣೆಕಲ್ಲುಗಳ ದಾಸ್ತಾನು ದೊರೆಯಿತು. ಅವೆಲ್ಲ ಚೆಸಿಲ್ ಕಡಲತೀರದಿಂದ ಆರಿಸಿ ತಂದ ನುಣುಪಾದ ಬೆಣಚುಕಲ್ಲುಗಳು. ಆದರೆ ಸಾಮರ್ಸೆಟ್‌ನ ಜೌಗುನೆಲದಲ್ಲಿದ್ದ ಗ್ಲಾಸ್ಟನ್‌ಬರಿಯ ಸರೋವರ ಗ್ರಾಮದ ಜನರು ಮಣ್ಣನ್ನೇ ಹೊಸೆದು ಸುಟ್ಟು ಗುಂಡುಗಳನ್ನು ಮಾಡಿಕೊಂಡಿದ್ದರು. ಆರ್ಥರ್ ಬುಲೀಡ್ ಅವರು 1892ರಲ್ಲಿ ಪತ್ತೆಹಚ್ಚಿದ ಆ ಗ್ರಾಮದ ಗುಂಡುಗಳು ಎರಡೂ ತುದಿಗಳಲ್ಲಿ ಸಣ್ಣಗಾಗಿ ನಡುವೆ ಉಬ್ಬಿಕೊಂಡಿವೆ.

ಎರಡನೆಯ ಉತ್ತರ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಹಳ್ಳದಲ್ಲಿ ಆರಿಸಿದ ಕಲ್ಲುಗಳಲ್ಲಿ ಒಂದು 30 ಗ್ರಾಂ ಇದ್ದರೆ ಇನ್ನೊಂದು 70 ಗ್ರಾಂ ಇರುತ್ತದೆ. ಪ್ರತಿಸಲವೂ ಕೈ ಹೊಸ ತೂಕಕ್ಕೆ ಹೊಂದಿಕೊಳ್ಳಬೇಕು. ಕವಣೆ ಬೀಸುವವನು ಗುರಿಯನ್ನು ಕಣ್ಣಿನಿಂದ ಅಳೆಯುವುದಕ್ಕಿಂತ ಹೆಚ್ಚಾಗಿ ತೋಳಿನ ಅಭ್ಯಾಸದಿಂದ ಅಳೆಯುತ್ತಾನೆ, ಹಗ್ಗದ ತುದಿಯನ್ನು ಬಿಡುವ ಕ್ಷಣವನ್ನು ಬೆರಳು ತಾನಾಗಿ ಕಲಿತುಕೊಳ್ಳುತ್ತದೆ. ತೂಕ ಬದಲಾದರೆ ಆ ಕಲಿಕೆ ಕೆಡುತ್ತದೆ. ಮಣ್ಣಿನಲ್ಲಾದರೋ ಬೇಕಾದಷ್ಟು ಗುಂಡುಗಳನ್ನು ಒಂದೇ ತೂಕಕ್ಕೆ, ಒಂದೇ ಆಕಾರಕ್ಕೆ ಮಾಡಿಕೊಳ್ಳಬಹುದು. ಕೂತು ಹೊಸೆಯುವ ಶ್ರಮಕ್ಕೆ ಸಿಗುವ ಪ್ರತಿಫಲ ಅದು.

ಈಗ ಸುಡುವ ಪ್ರಶ್ನೆಗೆ ಬರುತ್ತೇನೆ. ಬಿಸಿಲಿನಲ್ಲಿ ಒಣಗಿದ ಗುಂಡು ನೀರಿಗೆ ಬಿದ್ದರೆ ಮತ್ತೆ ಕೆಸರಾಗುತ್ತದೆ. ಹಾಗಿದ್ದಮೇಲೆ ಏಳೆಂಟು ಸಾವಿರ ವರ್ಷಗಳ ಮಳೆಗಾಲಗಳನ್ನು ದಾಟಿ ಅದು ನಮ್ಮ ಕೈಗೆ ಸೇರುವುದು ಹೇಗೆ? ಒಂದೋ ಅದು ಒಣನಾಡಿನ ಕುಸಿದ ಮಣ್ಣಿನ ಗೋಡೆಗಳಡಿ ಭದ್ರವಾಗಿ ಹೂತುಹೋಗಿರಬೇಕು, ಇಲ್ಲವೇ ಊರಿಗೆ ಬೆಂಕಿ ಬಿದ್ದು ತಾನಾಗಿಯೇ ಸುಟ್ಟಿರಬೇಕು. ಉತ್ತರ ಸಿರಿಯಾದ ಬಾಲಿಖ್ ಕಣಿವೆಯ ತೆಲ್ ಸಬಿ ಅಬ್ಯದ್ ಎಂಬಲ್ಲಿ ಕ್ರಿಸ್ತಪೂರ್ವ 6000ದ ಆಸುಪಾಸಿನಲ್ಲಿ ಬೆಂಕಿಗೆ ಆಹುತಿಯಾದ ಹಳ್ಳಿಯೊಂದನ್ನು ಪೀಟರ್ ಅಕ್ಕರ್ಮನ್ಸ್ ಅವರ ತಂಡ ಅಗೆದು ತೆಗೆಯಿತು. ಅಲ್ಲಿ ಮುದ್ರೆಯೊತ್ತಿದ ಮಣ್ಣಿನ ತುಣುಕುಗಳ ಜೊತೆಗೆ ಕವಣೆಗುಂಡುಗಳೂ ಉಳಿದುಬಂದವು. ಆದ್ದರಿಂದ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಕೆಂಪಗೆ ಸುಟ್ಟ ಗುಂಡನ್ನು ಕಂಡಾಗ, ಅದನ್ನು ಮಾಡಿದವನು ಆವಿಗೆಯಲ್ಲಿಟ್ಟು ಸುಟ್ಟನೆಂದು ಕೂಡಲೇ ತೀರ್ಮಾನಿಸಬಾರದು. ಮಾಡಿದವನು ಒಣಗಿಸಿ ಬಿಟ್ಟಿರಬಹುದು, ಸುಟ್ಟದ್ದು ಊರನ್ನೇ ಸುಟ್ಟ ಬೆಂಕಿಯಾಗಿರಬಹುದು. ಬೇಕೆಂದೇ ಸುಟ್ಟದ್ದಕ್ಕೆ ಗ್ಲಾಸ್ಟನ್‌ಬರಿಯಂಥ ಉದಾಹರಣೆಗಳಿವೆ. ಆದರೆ ಎಲ್ಲ ಕಡೆಗೂ ಅದನ್ನೇ ಅನ್ವಯಿಸಲಾಗದು.

ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ಮರಳುವ ನೆಲೆ ಈಶಾನ್ಯ ಸಿರಿಯಾದ ಹಮೂಕರ್. ಷಿಕಾಗೊ ವಿಶ್ವವಿದ್ಯಾಲಯದ ಓರಿಯೆಂಟಲ್ ಇನ್‌ಸ್ಟಿಟ್ಯೂಟ್ ಮತ್ತು ಸಿರಿಯಾದ ಪುರಾತತ್ವ ಇಲಾಖೆ ಜಂಟಿಯಾಗಿ ನಡೆಸಿದ ಉತ್ಖನನದಲ್ಲಿ, ಕ್ರಿಸ್ತಪೂರ್ವ 3500ರ ಸುಮಾರಿನಲ್ಲಿ ಸುಟ್ಟು ಕುಸಿದ ಕಟ್ಟಡಗಳ ಅವಶೇಷಗಳ ನಡುವೆ 1,200ಕ್ಕೂ ಹೆಚ್ಚು ಚಿಕ್ಕ, ಅಂಡಾಕಾರದ ಗುಂಡುಗಳೂ ಸುಮಾರು 120 ದೊಡ್ಡ, ದುಂಡನೆಯ ಗುಂಡುಗಳೂ ಸಿಕ್ಕವು. ಇದನ್ನು 2005ರ ಕೊನೆಯಲ್ಲಿ ಪ್ರಕಟಿಸಿದಾಗ ಉತ್ಖನನದ ಸಹನಿರ್ದೇಶಕ ಕ್ಲೆಮೆನ್ಸ್ ರೈಕೆಲ್ ಅವರು ಇದನ್ನು ಆ ಪ್ರದೇಶದ ಅತಿ ಹಳೆಯ ದೊಡ್ಡ ಪ್ರಮಾಣದ ಸಂಘಟಿತ ಯುದ್ಧದ ಕುರುಹು ಎಂದು ವಿವರಿಸಿದರು. ಚಿಕ್ಕ ಗುಂಡುಗಳು ಸುಮಾರು 4 ಸೆಂಟಿಮೀಟರ್ ಉದ್ದ, 2.5 ಸೆಂಟಿಮೀಟರ್ ದಪ್ಪ. ದೊಡ್ಡವು 6ರಿಂದ 10 ಸೆಂಟಿಮೀಟರ್ ವ್ಯಾಸದವು. ಒಣಮಣ್ಣಿನ ಸಾಂದ್ರತೆಯನ್ನು ಘನ ಸೆಂಟಿಮೀಟರಿಗೆ 1.8 ಗ್ರಾಂ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಚಿಕ್ಕ ಗುಂಡು 24 ಗ್ರಾಮಿನ ಆಸುಪಾಸಿನಲ್ಲಿ ತೂಗಬೇಕು. ದೊಡ್ಡವುಗಳಲ್ಲಿ ಚಿಕ್ಕದು 200 ಗ್ರಾಂ, ಅತಿ ದೊಡ್ಡದು ಒಂದು ಕಿಲೋಗ್ರಾಮಿಗೆ ತುಸು ಕಡಿಮೆ. ಅಂದರೆ ಒಂದೇ ಊರಿನ ಒಂದೇ ರಾಶಿಯಲ್ಲಿ ಎರಡು ಬಗೆಯ ಕೆಲಸಕ್ಕೆ ಎರಡು ಬಗೆಯ ಗುಂಡುಗಳಿದ್ದವು.

ಅಲ್ಲಿಯ ಒಂದು ಕೋಣೆಯ ವಿವರವನ್ನು ನಿಮ್ಮ ಮಕ್ಕಳಿಗೆ ತಪ್ಪದೆ ಹೇಳಿ. ಆ ಕಾಲದಲ್ಲಿ ಸರಕಿನ ಬುಟ್ಟಿ, ಗಡಿಗೆ, ಬಾಗಿಲುಗಳಿಗೆ ಹಸಿಮಣ್ಣು ಮೆತ್ತಿ ಮುದ್ರೆಯೊತ್ತುತ್ತಿದ್ದರು. ಒಡೆದ ಮುದ್ರೆಮಣ್ಣನ್ನು ಬಿಸಾಡದೆ ಗುಂಡಿಯಲ್ಲಿ ನೆನೆಹಾಕಿ ಮತ್ತೆ ಕಲಸಿಕೊಳ್ಳುತ್ತಿದ್ದರು. ಹಮೂಕರಿನಲ್ಲಿ ಅಂಥ ಗುಂಡಿಯ ಅಂಚಿನಲ್ಲಿಯೇ ಕವಣೆಗುಂಡುಗಳು ಸಾಲಾಗಿ ಕಂಡುಬಂದವು. ದಿನನಿತ್ಯದ ಲೆಕ್ಕಪತ್ರಕ್ಕೆ ಮೀಸಲಾಗಿದ್ದ ಮಣ್ಣನ್ನು, ಊರಿನ ಮೇಲೆ ದಾಳಿ ನಡೆದಾಗ, ಒಳಗಿದ್ದವರು ಕೈಗೆ ಸಿಕ್ಕಂತೆ ಹೊಸೆದು ಗುಂಡು ಮಾಡಿದರು ಎಂದು ಉತ್ಖನನಕಾರರು ಅದನ್ನು ಅರ್ಥೈಸಿದ್ದಾರೆ. ಕೆಲವು ಗುಂಡುಗಳು ಬಡಿದ ರಭಸಕ್ಕೆ ಚಪ್ಪಟೆಯಾಗಿದ್ದವೆಂಬುದೂ ವರದಿಯಾಗಿದೆ. ಹಾಗೆ ಆಗಬೇಕಾದರೆ ಮಣ್ಣು ಒಳಗೆ ಇನ್ನೂ ಹಸಿಯಾಗಿಯೇ ಇರಬೇಕು, ಏಕೆಂದರೆ ಪೂರ್ತಿ ಒಣಗಿದ ಮಣ್ಣು ಬಡಿದಾಗ ಪುಡಿಯಾಗುತ್ತದೆಯೇ ಹೊರತು ಚಪ್ಪಟೆಯಾಗುವುದಿಲ್ಲ. ಸುಡುವ ಮಾತು ಹಾಗಿರಲಿ, ಒಣಗಿಸುವಷ್ಟು ಹೊತ್ತೂ ಅವರಿಗೆ ಸಿಗಲಿಲ್ಲವೆಂದು ಇದರಿಂದ ಊಹಿಸಬಹುದು.

ಹಾಗೆಂದು ಸಿಕ್ಕ ಮಣ್ಣಿನ ಗುಂಡುಗಳೆಲ್ಲ ಯುದ್ಧದವೆಂದು ಹೇಳುವುದು ದುಡುಕಾಗುತ್ತದೆ. ಗ್ರೀಸಿನ ಥೆಸಲಿಯ ನವಶಿಲಾಯುಗದ ಹಳ್ಳಿಗಳಲ್ಲಿ ಇಂಥ ಗುಂಡುಗಳು ಮನೆಗಳೊಳಗೆ ಸಿಕ್ಕಿವೆ. ಅವು ಕುರಿಗಾಹಿಗಳು ಹಿಂಡನ್ನು ತಿರುಗಿಸಲು ಬಳಸಿದವಾಗಿರಬಹುದೆಂಬ ವಾದವಿದೆ. ದಾರಿ ತಪ್ಪಿದ ಕುರಿಯ ಮುಂದೆ ಒಂದು ಗುಂಡು ಬಿದ್ದು ಪುಡಿಯಾದರೆ ಸಾಕು, ಅದು ಹಿಂದಿರುಗುತ್ತದೆ. ಆ ಕೆಲಸಕ್ಕೆ ಗಟ್ಟಿಕಲ್ಲಿಗಿಂತ ಒಣಮಣ್ಣೇ ಉತ್ತಮ, ಏಕೆಂದರೆ ತಪ್ಪಿ ಪ್ರಾಣಿಗೆ ತಗುಲಿದರೂ ಗಾಯ ಕಡಿಮೆ. ಪೈರಿನ ಮೇಲೆ ಬೀಳುವ ಹಕ್ಕಿಗಳನ್ನು ಎಬ್ಬಿಸುವುದಕ್ಕೂ ಇದೇ ಮಾತು ಸಲ್ಲುತ್ತದೆ. ನನಗೆ ಈ ವಾದ ಒಪ್ಪಿಗೆಯಾಗಿದೆ: ವರ್ಷದ ಮುನ್ನೂರು ದಿನ ಕುರಿ, ಹಕ್ಕಿಗಳ ಮೇಲೆ ಪಳಗಿದ ಕೈಯೇ ಆಪತ್ತಿನ ದಿನ ಊರಿನ ಕಾವಲಿಗೂ ನಿಂತಿರಬೇಕು.

ಇನ್ನು ಕವಣೆಗುಂಡುಗಳೇ ಅಲ್ಲದ ಗುಂಡುಗಳೂ ಇವೆ. ಟರ್ಕಿಯ ಚಾತಾಲ್‌ಹುಯುಕ್‌ನಲ್ಲಿ ಅಪಾರ ಸಂಖ್ಯೆಯಲ್ಲಿ ಸಿಕ್ಕ ದುಂಡನೆಯ ಮಣ್ಣಿನ ಗುಂಡುಗಳಲ್ಲಿ ಹಲವು ಅಡುಗೆಗೆ ಸಂಬಂಧಪಟ್ಟವು. ಅವನ್ನು ಬೆಂಕಿಯಲ್ಲಿ ಕಾಯಿಸಿ ಆಹಾರ ಬೇಯಿಸಲು ಬಳಸುತ್ತಿದ್ದರೆಂದು ಅವುಗಳ ಮೇಲಿನ ಅಧ್ಯಯನಗಳು ತೋರಿಸಿವೆ. ಪಶ್ಚಿಮ ಏಷ್ಯಾದಲ್ಲಿ ಸರಕಿನ ಲೆಕ್ಕವಿಡಲು ಬಳಸುತ್ತಿದ್ದ ಪುಟ್ಟ ಮಣ್ಣಿನ ಬಿಲ್ಲೆಗಳಲ್ಲಿಯೂ ಅಂಡಾಕಾರದವು ಇವೆ, ಆದರೆ ಅವು ಬಹುಮಟ್ಟಿಗೆ ಒಂದೆರಡು ಸೆಂಟಿಮೀಟರಿನವು. ಆದ್ದರಿಂದ ಒಂದು ಗುಂಡನ್ನು ಕವಣೆಗುಂಡೆಂದು ಕರೆಯುವ ಮೊದಲು ಪುರಾತತ್ವಜ್ಞರು ಅದರ ಗಾತ್ರ, ಎರಡು ತುದಿಗಳ ಆಕಾರ, ಮೇಲ್ಮೈಯಲ್ಲಿ ಪದೇಪದೇ ಕಾಯಿಸಿದ ಕುರುಹು ಇದೆಯೋ ಇಲ್ಲವೋ ಎಂಬುದು, ಜೊತೆಗೆ ಅಂಥವು ಎಷ್ಟು ಒಟ್ಟಿಗೆ ಸಿಕ್ಕಿವೆ ಎಂಬುದನ್ನೆಲ್ಲ ನೋಡುತ್ತಾರೆ.

ಈಗ ಆಕಾರ ಮತ್ತು ತೂಕ. ಸಾಮಾನ್ಯ ಕವಣೆಗುಂಡು ಅಂಡಾಕಾರವಾಗಿರುತ್ತದೆ, ಇಲ್ಲವೇ ಎರಡು ಶಂಕುಗಳನ್ನು ತಳಕ್ಕೆ ತಳ ಜೋಡಿಸಿದಂತೆ ಎರಡೂ ಕಡೆ ಚೂಪಾಗಿರುತ್ತದೆ. ಮಕ್ಕಳಿಗೆ ತೋರಿಸಲು ಒಂದು ದಪ್ಪನೆಯ ಉತ್ತತ್ತಿಯನ್ನು ಕೈಗೆ ಕೊಟ್ಟರೆ ಸಾಕು. ಈ ಆಕಾರ ಕವಣೆಯ ಅಗಲ ಭಾಗದಲ್ಲಿ ಅಡ್ಡಲಾಗಿ ಕೂತು ಜಾರದೆ ನಿಲ್ಲುತ್ತದೆ, ಬಿಟ್ಟ ಮೇಲೆ ತನ್ನ ಉದ್ದದ ಅಕ್ಷದ ಸುತ್ತ ತಿರುಗುತ್ತ ಸಾಗಿದರೆ ಗಾಳಿಯ ಅಡ್ಡಿಯೂ ಕಡಿಮೆಯಾಗುತ್ತದೆ. ಎರಡು ಅಂಗೈಗಳ ನಡುವೆ ಮಣ್ಣನ್ನು ಹೊಸೆದಾಗ ಸಹಜವಾಗಿ ಮೂಡುವ ಆಕಾರವೂ ಇದೇ ಎಂಬುದನ್ನು ಮರೆಯುವಂತಿಲ್ಲ. ಗಾತ್ರ ಹೆಚ್ಚಾಗಿ 3ರಿಂದ 6 ಸೆಂಟಿಮೀಟರ್ ಉದ್ದದ ಮಿತಿಯಲ್ಲಿರುತ್ತದೆ. ನಿಮ್ಮ ಪ್ರದರ್ಶನಕ್ಕೆ 5 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ದಪ್ಪದ, ಒಣಗಿದ ಮೇಲೆ ಸುಮಾರು 40 ಗ್ರಾಂ ತೂಗುವ ಗುಂಡನ್ನು ಗುರಿಯಾಗಿಟ್ಟುಕೊಳ್ಳಿ. ಗಣಿತದ ಶಿಕ್ಷಕರು ಜೊತೆಗಿದ್ದರೆ ದೀರ್ಘಗೋಳದ ಗಾತ್ರದ ಸೂತ್ರವನ್ನು, ಅಂದರೆ ಪೈಯನ್ನು ಆರರಿಂದ ಭಾಗಿಸಿ ಅದನ್ನು ಉದ್ದದಿಂದಲೂ ದಪ್ಪದ ವರ್ಗದಿಂದಲೂ ಗುಣಿಸುವುದನ್ನು, ಇಲ್ಲಿಯೇ ಕಲಿಸಬಹುದು: ಗಾತ್ರ 23.6 ಘನ ಸೆಂಟಿಮೀಟರ್ ಬರುತ್ತದೆ, ಅದನ್ನು 1.8ರಿಂದ ಗುಣಿಸಿದರೆ 42 ಗ್ರಾಂ. ಅದೇ 40 ಗ್ರಾಂ ತೂಕಕ್ಕೆ ಗ್ರಾನೈಟ್ ಕಲ್ಲಾದರೆ 15 ಘನ ಸೆಂಟಿಮೀಟರ್ ಸಾಕು, ಮುಂದಿನ ಕಾಲದ ಗ್ರೀಕರು ಮತ್ತು ರೋಮನರು ಬಳಸಿದ ಸೀಸವಾದರೆ ಮೂರೂವರೆ ಘನ ಸೆಂಟಿಮೀಟರ್. ತೂಕ ಒಂದೇ ಆದರೂ ಮಣ್ಣಿನ ಗುಂಡು ದಪ್ಪವಾಗಿರುವುದರಿಂದ ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಸೀಸ ಬಳಕೆಗೆ ಬಂದ ಕಾರಣಗಳಲ್ಲಿ ಇದೂ ಒಂದು.

ಮಾಡುವ ಕ್ರಮದಲ್ಲಿ ಮೊದಲ ಹೆಜ್ಜೆ ಮಣ್ಣಿನ ಆಯ್ಕೆ. ನಿಮ್ಮ ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಖನಿಜಗಳು ಹೆಚ್ಚು. ಇವು ನೀರು ಕುಡಿದು ಉಬ್ಬುತ್ತವೆ, ಒಣಗುವಾಗ ಅಷ್ಟೇ ಕುಗ್ಗುತ್ತವೆ. ಬೇಸಿಗೆಯಲ್ಲಿ ಎರೆಹೊಲ ಬಾಯಿಬಿಡುವುದಕ್ಕೂ ನಿಮ್ಮ ಗುಂಡು ಬಿರಿದದ್ದಕ್ಕೂ ಕಾರಣ ಒಂದೇ. ಗುಂಡಿನ ಹೊರಮೈ ಮೊದಲು ಒಣಗಿ ಕುಗ್ಗುತ್ತದೆ, ಒಳಭಾಗ ಇನ್ನೂ ಹಸಿಯಾಗಿ ಉಬ್ಬಿಕೊಂಡೇ ಇರುತ್ತದೆ, ಈ ಎಳೆದಾಟಕ್ಕೆ ಹೊರಮೈ ಸೀಳುತ್ತದೆ. ಆದ್ದರಿಂದ ನಿಮ್ಮ ಭಾಗದ ಕುಂಬಾರರು ಗಡಿಗೆಗೆ ಬಳಸುವ ಮಣ್ಣನ್ನೇ ಕೇಳಿ ತನ್ನಿ, ಅವರ ಅನುಭವಕ್ಕಿಂತ ದೊಡ್ಡ ಪರೀಕ್ಷೆಯಿಲ್ಲ. ಅದು ಸಿಗದಿದ್ದರೆ ಎರೆಮಣ್ಣಿಗೆ ಜರಡಿ ಹಿಡಿದ ಸಣ್ಣ ಮರಳನ್ನು ಐದಕ್ಕೆ ಒಂದು ಪಾಲಿನಂತೆ ಬೆರೆಸಿ ನೋಡಿ, ಬಿರುಕು ಉಳಿದರೆ ನಾಲ್ಕಕ್ಕೆ ಒಂದು, ಮೂರಕ್ಕೆ ಒಂದು ಎಂದು ಹೆಚ್ಚಿಸುತ್ತ ಹೋಗಿ. ಯಾವ ಮಿಶ್ರಣದಲ್ಲಿ ಬಿರುಕು ನಿಂತಿತೆಂದು ಬರೆದಿಡುವುದೇ ಒಂದು ಒಳ್ಳೆಯ ಪ್ರಯೋಗ. ಒಂದು ಎಚ್ಚರಿಕೆಯನ್ನೂ ಹೇಳಬೇಕು: ಹಳೆಯ ದಿಬ್ಬ, ಹಾಳೂರು, ಬೂದಿದಿಬ್ಬಗಳ ಮಣ್ಣನ್ನು ಎಂದಿಗೂ ತೆಗೆಯಬೇಡಿ. ಸಂರಕ್ಷಿತ ನೆಲೆಗಳಲ್ಲಿ ಅಗೆಯುವುದು ಕಾನೂನಿನ ಪ್ರಕಾರ ಅಪರಾಧ; ರಕ್ಷಣೆಯಿಲ್ಲದ ದಿಬ್ಬದಲ್ಲಿ ಕೂಡ ಒಂದು ಬುಟ್ಟಿ ಮಣ್ಣಿನೊಂದಿಗೆ ಮುಂದೆಂದೂ ಸಿಗದ ಸಾಕ್ಷ್ಯ ಹೋಗಿಬಿಡುತ್ತದೆ.

ಎರೆಮಣ್ಣಿನ ಇನ್ನೊಂದು ಗುಣ ಅದರೊಳಗಿನ ಸುಣ್ಣದ ಹರಳುಗಳು. ಶಾಲೆಯ ಪ್ರಯೋಗಾಲಯದಲ್ಲಿರುವ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿಗಳನ್ನು ಒಣಮಣ್ಣಿನ ಮೇಲೆ ಹಾಕಿ. ಗುಳ್ಳೆಗಳೆದ್ದರೆ ಸುಣ್ಣವಿದೆಯೆಂದು ಅರ್ಥ. ಒಣಗಿಸಿ ಬಿಡುವ ಗುಂಡಿಗೆ ಇದರಿಂದ ತೊಂದರೆಯಿಲ್ಲ. ಆದರೆ ಸುಟ್ಟಾಗ ಈ ಹರಳುಗಳು ಸುಟ್ಟಸುಣ್ಣವಾಗಿ, ಕೆಲವು ದಿನಗಳ ಬಳಿಕ ಗಾಳಿಯ ತೇವವನ್ನು ಹೀರಿ ಉಬ್ಬಿ, ಚೆನ್ನಾಗಿ ಸುಟ್ಟಂತೆ ಕಂಡ ಗುಂಡಿನ ಮೈಯಿಂದ ಚಕ್ಕೆ ಎಬ್ಬಿಸುತ್ತವೆ. ಸುಡುವ ಯೋಚನೆಯಿದ್ದರೆ ಮಣ್ಣನ್ನು ನೀರಿನಲ್ಲಿ ಕದಡಿ ಸಣ್ಣ ಜರಡಿಯಲ್ಲಿ ಸೋಸಿಕೊಳ್ಳಿ.

ಮಣ್ಣನ್ನು ಒಂದು ರಾತ್ರಿ ನೆನೆಸಿ, ಹೆಚ್ಚಿನ ನೀರನ್ನು ಬಸಿದು, ಕೈಗೆ ಅಂಟದ ಹದಕ್ಕೆ ಬರುವವರೆಗೆ ಚೆನ್ನಾಗಿ ನಾದಬೇಕು. ಒಳಗೆ ಗಾಳಿ ಉಳಿಯಬಾರದು. ಹದವಾದ ಮಣ್ಣಿನ ತೂಕದಲ್ಲಿ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ನೀರೇ ಇರುತ್ತದೆ. ಆದ್ದರಿಂದ ಒಣಗಿದ ಮೇಲೆ 40 ಗ್ರಾಂ ಬೇಕಾದರೆ ಹಸಿಯಲ್ಲಿ 52 ಗ್ರಾಮಿನಷ್ಟು ತೆಗೆದುಕೊಳ್ಳಿ. ಇಲ್ಲಿ ಮಕ್ಕಳನ್ನು ಎರಡು ಗುಂಪು ಮಾಡುವುದು ಒಳ್ಳೆಯದು. ಒಂದು ಗುಂಪು ತಕ್ಕಡಿಯಲ್ಲಿ ತೂಗಿ ಉಂಡೆ ಕಟ್ಟಲಿ. ಇನ್ನೊಂದು ಗುಂಪು ಬರಿಗೈಯ ಅಂದಾಜಿನಿಂದಲೇ ಕಟ್ಟಲಿ, ಏಕೆಂದರೆ ನವಶಿಲಾಯುಗದವರೂ ಹಾಗೆಯೇ ಮಾಡಿರುವ ಸಂಭವ ಹೆಚ್ಚು. ಎರಡನೆಯ ಗುಂಪಿನ ಗುಂಡುಗಳನ್ನು ಒಣಗಿದ ಮೇಲೆ ತೂಗಿ, ಸರಾಸರಿಯಿಂದ ಎಷ್ಟು ಆಚೀಚೆ ಆಗಿವೆಯೆಂದು ನೋಡಿ; ಮೊದಲು ಮಾಡಿದವು ಹೆಚ್ಚು ಏರುಪೇರಾಗಿದ್ದು ಆಮೇಲಿನವು ಹತ್ತಿರ ಹತ್ತಿರ ಬರುತ್ತವೆಯೇ ಎಂಬುದನ್ನು ಗಮನಿಸಿ. ಹಳ್ಳದಿಂದ ಆರಿಸಿ ತಂದ ಅಷ್ಟೇ ಸಂಖ್ಯೆಯ ಕಲ್ಲುಗಳನ್ನೂ ಪಕ್ಕದಲ್ಲಿ ತೂಗಿದರೆ, ಮಣ್ಣು ಯಾಕೆ ಎಂಬ ಪ್ರಶ್ನೆಗೆ ಮಕ್ಕಳೇ ಉತ್ತರ ಬರೆಯುತ್ತಾರೆ.

ಉಂಡೆಯನ್ನು ಎಡ ಅಂಗೈಯಲ್ಲಿಟ್ಟು ಬಲ ಅಂಗೈಯನ್ನು ಅದರ ಮೇಲೆ ತುಸು ಬಾಗಿಸಿ ಹಿಂದೆ ಮುಂದೆ ಉಜ್ಜಬೇಕು. ಅಂಗೈಯ ನಡುವಿನ ಕುಳಿಯಲ್ಲಿ ಮಣ್ಣಿನ ನಡುಭಾಗ ಉಬ್ಬಿ ಉಳಿಯುತ್ತದೆ, ಎರಡೂ ಅಂಚುಗಳ ಒತ್ತಡಕ್ಕೆ ತುದಿಗಳು ಸಣ್ಣಗಾಗುತ್ತವೆ. ಹೆಚ್ಚು ಒತ್ತಿದರೆ ತುದಿಯಲ್ಲಿ ಸೂಜಿಯಂಥ ಕೊನೆ ಮೂಡಿ ಅದರ ಬುಡದಲ್ಲಿ ಮಡಿಕೆ ಬೀಳುತ್ತದೆ. ಬಿರುಕು ಶುರುವಾಗುವುದೇ ಅಲ್ಲಿಂದ. ಆ ಕೊನೆಯನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ ಮೊಂಡಾಗಿಸಬೇಕು. ನೀರು ಹಚ್ಚಿ ನುಣುಪು ಮಾಡಲು ಹೋಗಬೇಡಿ. ಅಂಗೈಯ ಗೆರೆಗಳೂ ಬೆರಳಚ್ಚುಗಳೂ ಮೈಮೇಲೆ ಹಾಗೆಯೇ ಉಳಿಯಲಿ. ಪ್ರಾಚೀನ ಮಣ್ಣಿನ ವಸ್ತುಗಳ ಮೇಲೆಯೂ ಮಾಡಿದವರ ಬೆರಳ ಗುರುತು ಉಳಿದಿರುವುದುಂಟು, ನನಗಂತೂ ಅವುಗಳಲ್ಲಿ ಅದಕ್ಕಿಂತ ಆಪ್ತವಾದ ವಿವರ ಇನ್ನೊಂದು ಕಂಡಿಲ್ಲ.

ಒಣಗಿಸುವುದರಲ್ಲಿ ಅವಸರ ಬೇಡ. ಮೊದಲ ಎರಡು ಮೂರು ದಿನ ನೆರಳಿನಲ್ಲಿ, ಒದ್ದೆ ಗೋಣಿಚೀಲದ ಕೆಳಗೆ ಇಟ್ಟು, ದಿನಕ್ಕೊಮ್ಮೆ ಮಗ್ಗುಲು ಬದಲಿಸಿ; ಆಮೇಲೆ ಚೀಲ ತೆಗೆದು ನೆರಳಿನಲ್ಲಿಯೇ ಆರಲು ಬಿಟ್ಟು, ಕೊನೆಯಲ್ಲಿ ಬಿಸಿಲಿಗೆ ಇಡಿ. ಬಣ್ಣ ತಿಳಿಯಾದ ಮಾತ್ರಕ್ಕೆ ಒಣಗಿತೆಂದು ನಂಬಬೇಡಿ. ಎರಡು ದಿನ ಸತತವಾಗಿ ತೂಗಿದಾಗ ತೂಕ ಇಳಿಯದಿದ್ದರೆ ಮಾತ್ರ ಅದು ಒಣಗಿದೆ. ವರ್ನಿಯರ್ ಕ್ಯಾಲಿಪರಿನಿಂದ ಹಸಿ ಮತ್ತು ಒಣ ಅಳತೆಗಳೆರಡನ್ನೂ ಬರೆದಿಟ್ಟರೆ ಮಣ್ಣು ಶೇಕಡ ಎಷ್ಟು ಕುಗ್ಗಿತೆಂಬುದು ಸಿಗುತ್ತದೆ. ಒಳ್ಳೆಯ ಕುಂಬಾರಮಣ್ಣು ಉದ್ದದಲ್ಲಿ ಸುಮಾರು 5ರಿಂದ 8ರಷ್ಟು ಕುಗ್ಗಬಹುದು, ಎರೆಮಣ್ಣು ಇನ್ನೂ ಹೆಚ್ಚು.

ಒಲೆಯಲ್ಲಿ ಗುಂಡು ಸಿಡಿದದ್ದು ಒಳಗಿನ ತೇವದಿಂದ. ಮೂರು ಸೆಂಟಿಮೀಟರ್ ದಪ್ಪದ ಗಟ್ಟಿಮುದ್ದೆಯಲ್ಲಿ ಸಿಕ್ಕಿಬಿದ್ದ ನೀರು 100 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಉಗಿಯಾಗಿ, ಹೊರಬರಲು ದಾರಿಯಿಲ್ಲದೆ ಮೈಯನ್ನೇ ಒಡೆಯುತ್ತದೆ. ಹೋಲಿಕೆಗಾಗಿ ಕೆಲವನ್ನು ಸುಡಬೇಕೆಂದಿದ್ದರೆ, ಪೂರ್ತಿ ಒಣಗಿದವನ್ನು ಮೊದಲು ಒಲೆಯ ಪಕ್ಕದ ಬಿಸಿಯಲ್ಲಿ ಕೆಲವು ಗಂಟೆ ಇಟ್ಟು, ಆಮೇಲೆ ಕುಳ್ಳು ಮತ್ತು ಹೊಟ್ಟಿನ ನಡುವೆ ಹುದುಗಿಸಿ ನಿಧಾನವಾಗಿ ಉರಿಯಲು ಬಿಡಿ, ಬೂದಿ ತಾನಾಗಿ ತಣ್ಣಗಾಗುವವರೆಗೆ ತೆಗೆಯಬೇಡಿ. ಮಣ್ಣು ಮತ್ತೆ ಕರಗದಂತೆ ಗಟ್ಟಿಯಾಗಲು ಸುಮಾರು 600 ಡಿಗ್ರಿ ಬೇಕು, ತೆರೆದ ಬೆಂಕಿಯಲ್ಲಿ ಅದು ಸಾಧ್ಯ. ಇದಕ್ಕಿಂತ ಒಳ್ಳೆಯದೆಂದರೆ ಕುಂಬಾರರು ಆವಿಗೆ ಹಚ್ಚುವ ದಿನ ಅವರ ಗಡಿಗೆಗಳ ನಡುವೆ ನಿಮ್ಮ ಗುಂಡುಗಳಿಗೂ ಜಾಗ ಕೇಳುವುದು. ಸುಟ್ಟ ಒಂದನ್ನು ಒಡೆದು ನೋಡಿ: ಹೊರಗೆ ಕೆಂಪು, ನಡುವೆ ಕಪ್ಪು ಕಂಡರೆ ಒಳಗಿನ ಸಸ್ಯಾಂಶ ಪೂರ್ತಿ ಉರಿದಿಲ್ಲವೆಂದರ್ಥ. ಒಣಗಿದ ಒಂದನ್ನೂ ಸುಟ್ಟ ಒಂದನ್ನೂ ಎರಡು ಗಾಜಿನ ಲೋಟದ ನೀರಿಗೆ ಹಾಕಿ ಪಕ್ಕಪಕ್ಕ ಇಡಿ. ಒಣಗಿದ್ದು ಪದರ ಪದರವಾಗಿ ಕಳಚಿ ತಳದಲ್ಲಿ ಕೆಸರಾಗುವುದನ್ನು ಕಂಡ ಮಕ್ಕಳಿಗೆ, ಸುಟ್ಟುಹೋದ ಹಳ್ಳಿಗಳಲ್ಲಿ ಇವು ಯಾಕೆ ಅಷ್ಟು ಚೆನ್ನಾಗಿ ಉಳಿದಿವೆಯೆಂದು ಬೇರೆ ವಿವರಿಸಬೇಕಾಗಿಲ್ಲ.

ಸುಟ್ಟ ಗುಂಡಿನ ಬಗ್ಗೆ ಲಿಖಿತ ದಾಖಲೆಯೊಂದೂ ಇದೆ. ಕ್ರಿಸ್ತಪೂರ್ವ 54ರಲ್ಲಿ ಗಾಲ್ ಪ್ರಾಂತದ (ಇಂದಿನ ಫ್ರಾನ್ಸ್, ಬೆಲ್ಜಿಯಂ ಭಾಗ) ನರ್ವಿ ಜನರು ರೋಮನ್ ಶಿಬಿರವೊಂದನ್ನು ಮುತ್ತಿದ್ದಾಗ, ಏಳನೆಯ ದಿನ ಜೋರಾದ ಗಾಳಿ ಎದ್ದದ್ದನ್ನು ಕಂಡು, ಕೆಂಪಗೆ ಕಾಯಿಸಿದ ಮಣ್ಣಿನ ಗುಂಡುಗಳನ್ನು ಕವಣೆಯಿಂದ ಹುಲ್ಲು ಹೊದಿಸಿದ ಗುಡಿಸಲುಗಳ ಮೇಲೆ ಎಸೆದು ಬೆಂಕಿ ಹಚ್ಚಿದರೆಂದು ಜೂಲಿಯಸ್ ಸೀಸರ್ ಬರೆದಿದ್ದಾನೆ.

ನಮ್ಮ ನಾಡಿನ ಪ್ರಶ್ನೆಗೆ ಬಂದರೆ, ಉಪಖಂಡದಲ್ಲಿ ಮಣ್ಣಿನ ಗುಂಡುಗಳ ಪ್ರಸಿದ್ಧ ಉದಾಹರಣೆ ಮೊಹೆಂಜೊದಾರೊ. ಮೇಡನ್ ಕಾಸಲ್ಲನ್ನು ಅಗೆದ ಅದೇ ವೀಲರ್ ಅವರಿಗೆ ಅಲ್ಲಿಯ ಕೋಟೆದಿಬ್ಬದ ಆಗ್ನೇಯ ಮೂಲೆಯ ಗೋಪುರಗಳ ಬಳಿ, ತಲಾ ಸುಮಾರು 170 ಗ್ರಾಂ ತೂಗುವ ನೂರರಷ್ಟು ಸುಟ್ಟ ಮಣ್ಣಿನ ಗುಂಡುಗಳು ಒಟ್ಟಿಗೆ ದೊರೆತವು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆದವರೂ ಇವರೇ. ಆದರೆ ಬ್ರಹ್ಮಗಿರಿ, ಸಂಗನಕಲ್ಲು, ತೆಕ್ಕಲಕೋಟೆಗಳಂಥ ನಮ್ಮ ನವಶಿಲಾಯುಗದ ನೆಲೆಗಳು ಬಂಡೆಗುಡ್ಡಗಳ ಮೈಮೇಲೆ, ಅವುಗಳ ಬುಡದಲ್ಲಿ ಇವೆ. ಕಾಲಿಟ್ಟಲ್ಲೆಲ್ಲ ಕಲ್ಲಿರುವ ಜಾಗದಲ್ಲಿ ಮಣ್ಣನ್ನು ಹೊಸೆಯುವ ಅಗತ್ಯ ಯಾರಿಗೂ ಬೀಳುವುದಿಲ್ಲ. ದಕ್ಷಿಣದ ನವಶಿಲಾಯುಗದ ಉತ್ಖನನ ವರದಿಗಳಲ್ಲಿ ಕವಣೆಗೆ ಬಳಸಿರಬಹುದಾದವೆಂದು ಹೆಸರಿಸಿರುವುದು ಕಲ್ಲಿನ ಗುಂಡುಗಳನ್ನೇ. ಆದ್ದರಿಂದ ನಿಮ್ಮ ಮಣ್ಣಿನ ಪ್ರತಿಕೃತಿಗಳಿಗೆ ಕರ್ನಾಟಕದ ನವಶಿಲಾಯುಗದ ಹೆಸರು ಹಚ್ಚುವುದು ಸರಿಯಲ್ಲ. ಹಮೂಕರ್ ಮಾದರಿ ಎಂದೋ ಗ್ಲಾಸ್ಟನ್‌ಬರಿ ಮಾದರಿ ಎಂದೋ ಬರೆಯಿರಿ. ನಮ್ಮದೇ ಆದ ಕೊಂಡಿ ಬೇಕಿದ್ದರೆ ಅದು ಪುರಾತತ್ವದಲ್ಲಿ ಅಲ್ಲ, ನಿಮ್ಮ ಊರಿನ ಹಿರಿಯರಲ್ಲಿದೆ. ಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಹೊಲದ ಅಟ್ಟಣೆಯ ಮೇಲೆ ನಿಂತು ಕವಣಿ ಬೀಸಿ ಹಕ್ಕಿ ಕಾಯ್ದವರು ನಿಮ್ಮ ಭಾಗದಲ್ಲಿ ಈಗಲೂ ಇರುತ್ತಾರೆ. ಅವರು ಯಾವ ನಾರಿನಿಂದ ಕವಣಿ ಹೆಣೆಯುತ್ತಿದ್ದರು, ಎಷ್ಟು ಉದ್ದವಿಡುತ್ತಿದ್ದರು, ಕಲ್ಲು ಸಿಗದ ಎರೆಹೊಲದಲ್ಲಿ ಏನನ್ನು ಎಸೆಯುತ್ತಿದ್ದರು ಎಂದು ಮಕ್ಕಳು ಕೇಳಿ ಬರೆದುಕೊಂಡು ಬರಲಿ.

ಎಸೆದು ನೋಡುವ ಆಸೆ ಮಕ್ಕಳಿಗೆ ಬಂದೇ ಬರುತ್ತದೆ. ಇದರಲ್ಲಿ ನಾನು ಸ್ವಲ್ಪವೂ ಸಡಿಲ ಬಿಡಲಾರೆ. 40 ಗ್ರಾಮಿನ ಗುಂಡು ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಹೊರಟರೆ ಅದರ ಚಲನಶಕ್ತಿ 18 ಜೂಲ್. ಒಂದು ಕಿಲೋಗ್ರಾಂ ತೂಕ ಆಳೆತ್ತರದಿಂದ ಬೀಳುವುದಕ್ಕೆ ಸಮ, ಅದೂ ಹೆಬ್ಬೆರಳಿನಷ್ಟು ಜಾಗದ ಮೇಲೆ. 1981ರಲ್ಲಿ ಅಮೆರಿಕದ ಲ್ಯಾರಿ ಬ್ರೇ ಅವರು 52 ಗ್ರಾಮಿನ ಕಲ್ಲನ್ನು ಕವಣೆಯಿಂದ 437 ಮೀಟರ್ ದೂರ ಎಸೆದು ದಾಖಲೆ ಮಾಡಿದರು ಎಂದರೆ ಈ ಸಾಧನದ ಶಕ್ತಿಯನ್ನು ಊಹಿಸಿಕೊಳ್ಳಿ. ಹೊಸಬರ ಕೈಯಿಂದ ಗುಂಡು ಪಕ್ಕಕ್ಕೂ ಹಿಂದಕ್ಕೂ ಹಾರುತ್ತದೆ, ಆದ್ದರಿಂದ ಎಸೆಯುವವನ ಬೆನ್ನ ಹಿಂದೆ ನಿಂತವರೂ ಸುರಕ್ಷಿತರಲ್ಲ. ಮಕ್ಕಳಿಗೆ ಬೀಸುವ ಕ್ರಮವನ್ನು ತೋರಿಸಲೇಬೇಕಿದ್ದರೆ ಬಯಲಿನಲ್ಲಿ, ಹಿರಿಯರ ಕಣ್ಗಾವಲಿನಲ್ಲಿ, ಬಟ್ಟೆಯ ಹಗುರವಾದ ಚೆಂಡನ್ನು ಬಳಸಿ. ಮಣ್ಣಿನ ಗುಂಡಿನ ಗಟ್ಟಿತನವನ್ನು ಪರೀಕ್ಷಿಸಲು ಅದನ್ನು ಬೇರೆ ಬೇರೆ ಎತ್ತರಗಳಿಂದ ಕಲ್ಲುಹಾಸಿನ ಮೇಲೆ ಬೀಳಿಸಿ, ಒಣಗಿದ್ದು ಯಾವ ಎತ್ತರಕ್ಕೆ ಒಡೆಯಿತು, ಸುಟ್ಟದ್ದು ಯಾವ ಎತ್ತರಕ್ಕೆ ಒಡೆಯಿತು, ಚೂರುಗಳು ಎಷ್ಟು ದೊಡ್ಡವು ಎಂದು ಗುರುತು ಹಾಕಿಕೊಂಡರೆ ಸಾಕು.

ಕೊನೆಯದಾಗಿ ಗುರುತಿನ ವಿಷಯ. ಮಣ್ಣು ಹಸಿಯಾಗಿರುವಾಗಲೇ ಪ್ರತಿಯೊಂದು ಗುಂಡಿನ ಮೇಲೆ ಶಾಲೆಯ ಹೆಸರಿನ ಮೊದಲ ಅಕ್ಷರ, ಇಸವಿ ಮತ್ತು ಕ್ರಮಸಂಖ್ಯೆಯನ್ನು ಕಡ್ಡಿಯಿಂದ ಕೊರೆಯಿರಿ. ಚೆನ್ನಾಗಿ ಮಾಡಿದ ಪ್ರತಿಕೃತಿ ಹೊಲದಲ್ಲೋ ಹಳೆಯ ದಿಬ್ಬದಲ್ಲೋ ಬಿದ್ದುಹೋದರೆ, ಮುಂದೆ ಅಲ್ಲಿ ಅಗೆಯುವವರನ್ನು ಅದು ದಾರಿತಪ್ಪಿಸಬಲ್ಲದು. ಅದೇ ಕ್ರಮಸಂಖ್ಯೆಯ ಎದುರಿಗೆ ನೋಂದಣಿ ಪುಸ್ತಕದಲ್ಲಿ ಮಣ್ಣು ಎಲ್ಲಿಯದು, ಮರಳು ಎಷ್ಟು ಪಾಲು, ಹಸಿ ತೂಕ, ಒಣ ತೂಕ, ಸುಟ್ಟದ್ದಾದರೆ ಸುಟ್ಟ ಮೇಲಿನ ತೂಕ, ಮಾಡಿದ ವಿದ್ಯಾರ್ಥಿಯ ಹೆಸರು ಇವಿಷ್ಟೂ ಇರಲಿ. ಪ್ರದರ್ಶನದಲ್ಲಿ ಗುಂಡುಗಳನ್ನು ಒಂದೊಂದಾಗಿ ಅಲಂಕರಿಸಿ ಇಡುವ ಬದಲು ಮಣ್ಣಿನವನ್ನು ಒಂದು ರಾಶಿ, ಹಳ್ಳದ ಕಲ್ಲುಗಳನ್ನು ಇನ್ನೊಂದು ರಾಶಿ ಮಾಡಿ, ಪಕ್ಕದಲ್ಲಿ ಒಂದು ತಕ್ಕಡಿಯನ್ನಿಡಿ. ಬಂದವರು ತಾವೇ ತೂಗಿ ನೋಡಲಿ.